ಅಳತೆಗೋಲನ್ನು ಅಳೆಯುವುದು ಹೇಗೆ?

ಕವಾಯತಿಗೆ ನಿಂತ ಹುಡುಗರ ಸಾಲು ನೇರವಾಗಿದೆಯೇ ಎಂದು ನೋಡಲು ಅಧ್ಯಾಪಕರು ಸಾಲಿನ ತುದಿಗೆ ಬಂದು, ಒಂದು ಕಣ್ಣು ಮುಚ್ಚಿ ದೃಷ್ಟಿ ಹಾಯಿಸುತ್ತಾರೆ. ಯಾರು ಸಾಲು ಬಿಟ್ಟು ನಿಂತಿದ್ದಾರೆಂಬುದು ಒಡನೆಯೇ ತಿಳಿಯುತ್ತದೆ. ದೃಷ್ಟಿರೇಖೆಯೇ ಇಲ್ಲಿ ಅಳತೆಗೋಲು. ಪರಮಾಣುವಿಗಿಂತಲೂ ಕಿರಿದಾದ ಕಣಗಳನ್ನು ಶೋಧಿಸುವ ಮಹಾಯಂತ್ರಗಳಲ್ಲಿಯೂ ಇದೇ ಉಪಾಯ ಬಳಕೆಯಲ್ಲಿದೆ.

ಜಿನೀವಾ ನಗರದ ಬಳಿ, ನೆಲದಿಂದ ಸುಮಾರು 100 ಮೀಟರು ಆಳದಲ್ಲಿ, 27 ಕಿಲೋಮೀಟರು ಸುತ್ತಳತೆಯ ಸುರಂಗವೊಂದಿದೆ. ಅದರಲ್ಲಿ ಪ್ರೋಟಾನುಗಳನ್ನು ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸುವ ಯಂತ್ರವು 2008ರಲ್ಲಿ ಮೊದಲು ಚಾಲನೆಗೊಂಡಿತು. ಡಿಕ್ಕಿಯಿಂದ ಹೊಮ್ಮುವ ಕಣಗಳ ಜಾಡು ಹಿಡಿಯುವ ಉಪಕರಣಗಳಲ್ಲಿ ಸಿ.ಎಂ.ಎಸ್. ಎಂಬುದೊಂದು. ಅದರ ಒಡಲಿನಲ್ಲಿ ಸಿಲಿಕಾನಿನ ತೆಳು ಫಲಕಗಳನ್ನು ಈರುಳ್ಳಿಯ ಸಿಪ್ಪೆಗಳಂತೆ ಪದರಪದರವಾಗಿ ಜೋಡಿಸಿದ್ದರು. 2008ರಲ್ಲಿ ಇವುಗಳ ಸಂಖ್ಯೆ 16,588. ವಿದ್ಯುದಾವಿಷ್ಟ ಕಣವು ಫಲಕವನ್ನು ತೂರಿ ಹೋದೆಡೆ ಸಣ್ಣದೊಂದು ವಿದ್ಯುತ್ಸಂಕೇತ ಹುಟ್ಟುತ್ತದೆ. ಈ ಬಿಂದುಗಳನ್ನು ಕೂಡಿಸಿದರೆ ಕಣದ ಪಥ ದೊರೆಯುತ್ತದೆ.

ಪ್ರಬಲವಾದ ಕಾಂತಕ್ಷೇತ್ರವು ಈ ಪಥವನ್ನು ಬಿಲ್ಲಿನಂತೆ ಬಾಗಿಸುತ್ತದೆ. ಬಾಗು ಕಡಮೆಯಾದಷ್ಟೂ ಕಣದ ಸಂವೇಗ ಹೆಚ್ಚು. ಕ್ಷೇತ್ರವು 3.8 ಟೆಸ್ಲ ಇರುವಾಗ, 100 ಗಿಗಾ ಎಲೆಕ್ಟ್ರಾನ್ ವೋಲ್ಟ್ ಮಾನದ ಸಂವೇಗವುಳ್ಳ ಕಣವು 1.1 ಮೀಟರು ಸಾಗಿತೆನ್ನೋಣ. ಹೆದೆಯಿಂದ ಬಿಲ್ಲಿನ ನಡುವಿಗೆ ಇರುವ ಅಂತರ ಸುಮಾರು 1.7 ಮಿಲಿಮೀಟರು ಮಾತ್ರ. ಸಂವೇಗ ಹತ್ತು ಪಟ್ಟಾದರೆ ಈ ಅಂತರ 0.17 ಮಿಲಿಮೀಟರಿಗೆ ಇಳಿಯುತ್ತದೆ. ಆಗ ನಡುವಿನ ಫಲಕದ ಸ್ಥಾನದಲ್ಲಿ ಕೂದಲೆಳೆಗಿಂತ ಕಿರಿದಾದ 0.017 ಮಿಲಿಮೀಟರಿನ ತಪ್ಪಿದ್ದರೂ ಸಂವೇಗವು ನೂರಕ್ಕೆ ಹತ್ತರಷ್ಟು ತಪ್ಪಾದೀತು!

ಫಲಕಗಳನ್ನು ಜೋಡಿಸುವಾಗಲೇ ಅಳೆದಿಡಬಾರದೇ ಎಂದು ವಾಚಕರು ಕೇಳಬಹುದು. ಅಳೆದಿಡುತ್ತಾರೆ; ಆದರೆ ಯಂತ್ರವನ್ನು ತಣಿಸಿದಾಗ, ಕಾಂತವನ್ನು ಚಾಲೂ ಮಾಡಿದಾಗ ಅವು ತುಸು ಸರಿಯುತ್ತವೆ. ಮುಚ್ಚಿದ ಯಂತ್ರದೊಳಗೆ ಕೈಯಾಡಿಸುವಂತಿಲ್ಲ. ಆದುದರಿಂದ ಕಣಪಥಗಳನ್ನೇ ಅಳತೆಗೋಲಾಗಿ ಬಳಸಬೇಕಾಗುತ್ತದೆ.

ಸಮಾನ ಅಂತರದಲ್ಲಿ ನಿಂತ ಮೂರು ಫಲಕಗಳನ್ನೂ ನೇರವಾಗಿ ಸಾಗುವ ಕಣವನ್ನೂ ಊಹಿಸಿಕೊಳ್ಳಿ. ಹೊರಗಿನ ಎರಡು ಬಿಂದುಗಳನ್ನು ಸೇರಿಸುವ ರೇಖೆಯಿಂದ ನಡುವಿನ ಬಿಂದು 0.2 ಮಿಲಿಮೀಟರು ಬಲಕ್ಕಿದೆ. ಒಂದು ಕಣದಲ್ಲಿ ಇದು ಆಕಸ್ಮಿಕವಿರಬಹುದು. ಸಾವಿರ ಕಣಗಳಲ್ಲಿಯೂ ಸರಾಸರಿ ಹೀಗೆಯೇ ಬಂದರೆ ಫಲಕ ಸರಿದಿದೆ ಎಂದೇ ಅರ್ಥ. ಆದರೆ ಯಾವ ಫಲಕ? ನಡುವಿನದು 0.2 ಸರಿದಿದ್ದರೂ, ಹೊರಗಿನದೊಂದು 0.4 ಸರಿದಿದ್ದರೂ ಅಂತರ ಅಷ್ಟೇ ಬರುತ್ತದೆ. ಮೂರೇ ಫಲಕಗಳಿಂದ ಇದು ಇತ್ಯರ್ಥವಾಗದು. ಹಲವು ಪದರಗಳು, ಹಲವು ದಿಕ್ಕಿನ ಕಣಗಳು ಬೇಕು.

ಒಂದೊಂದು ಫಲಕಕ್ಕೂ ಸರಿಯುವ ಮೂರು, ತಿರುಗುವ ಮೂರು ಬಗೆಗಳುಂಟು. ಆದುದರಿಂದ ಕಂಡುಹಿಡಿಯಬೇಕಾದ ಅವ್ಯಕ್ತ ಸಂಖ್ಯೆಗಳು ಸುಮಾರು 1 ಲಕ್ಷ. ಫಲಕಗಳ ಬಾಗನ್ನೂ ಲೆಕ್ಕಕ್ಕೆ ಸೇರಿಸಿದಾಗ ಸುಮಾರು 2 ಲಕ್ಷ! 1805ರಲ್ಲಿ ಲಜಾಂಡ್ರ್ ಪ್ರಕಟಿಸಿದ ಕನಿಷ್ಠ ವರ್ಗಗಳ ವಿಧಾನವೇ ಇಲ್ಲಿ ಆಧಾರ. ಅಂತರಗಳ ವರ್ಗಗಳ ಮೊತ್ತ ಅತ್ಯಂತ ಕಡಮೆಯಾಗುವಂತೆ ಪಥಗಳನ್ನೂ ಫಲಕಗಳ ಸ್ಥಾನಗಳನ್ನೂ ಒಟ್ಟಿಗೆ ಗಣಿಸುತ್ತಾರೆ. ಹ್ಯಾಂಬರ್ಗಿನ ಫೋಲ್ಕರ್ ಬ್ಲೋಬೆಲ್ ಇದಕ್ಕಾಗಿ ರಚಿಸಿದ ಗಣಕಕ್ರಮದ ಹೆಸರು ‘ಮಿಲಿಪೀಡ್’, ಎಂದರೆ ಸಹಸ್ರಪದಿ.

ಇಷ್ಟಾದರೂ ಒಂದು ಅಪಾಯ ಉಳಿಯುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿದಂತೆ ಇಡೀ ಉಪಕರಣ ಕೊಂಚ ತಿರುಚಿಕೊಂಡಿದೆಯೆನ್ನಿ. ನಡುವಿನಿಂದ ಹೊರಟ ಕಣಗಳ ಬಿಂದುಗಳು ಆಗಲೂ ಅಂದವಾದ ಪಥಗಳಾಗಿಯೇ ಹೊಂದಿಕೊಳ್ಳುತ್ತವೆ. ಆದರೆ ಒಂದು ತುದಿಯ ಕಡೆ ಧನಕಣಗಳ ಸಂವೇಗ ಹೆಚ್ಚಾಗಿಯೂ ಋಣಕಣಗಳದು ಕಡಮೆಯಾಗಿಯೂ ತೋರುತ್ತದೆ. ಈ ತಪ್ಪನ್ನು ಹಿಡಿಯಲು ಹೊರಗಿನ ಸಾಕ್ಷಿ ಬೇಕು. ವಿಶ್ವಕಿರಣಗಳ ಮ್ಯೂಆನುಗಳು ಅಂತಹ ಸಾಕ್ಷಿ. ನೆಲವನ್ನು ಭೇದಿಸಿ ಇಳಿಯುವ ಈ ಕಣಗಳನ್ನು ನಮ್ಮ ಕೋಲಾರದ ಚಿನ್ನದ ಗಣಿಗಳ ಆಳದಲ್ಲಿಯೂ ವಿಜ್ಞಾನಿಗಳು ಹಿಂದೆ ಎಣಿಸಿದ್ದರು. ಉಪಕರಣವನ್ನು ಮೇಲಿನಿಂದ ಕೆಳಕ್ಕೆ ಹಾಯುವ ಮ್ಯೂಆನಿನ ಸಂವೇಗ ಎರಡು ಅರ್ಧಗಳಲ್ಲಿಯೂ ಒಂದೇ ಬರಬೇಕು. ಇನ್ನೊಂದು ಸಾಕ್ಷಿ, ಎರಡು ಮ್ಯೂಆನುಗಳಾಗಿ ಒಡೆಯುವ ಜ಼ೆಡ್ ಕಣ. ಅದರ ದ್ರವ್ಯರಾಶಿ 91.19 ಗಿಗಾ ಎಲೆಕ್ಟ್ರಾನ್ ವೋಲ್ಟ್ ಎಂದು ಮೊದಲೇ ತಿಳಿದಿದೆ; ಮ್ಯೂಆನುಗಳು ಯಾವ ದಿಕ್ಕಿಗೆ ಹಾರಿದರೂ ಲೆಕ್ಕ ಅಷ್ಟಕ್ಕೇ ನಿಲ್ಲಬೇಕು.

2012ರ ಜುಲೈ 4ರಂದು ಹಿಗ್ಸ್ ಕಣದ ಶೋಧವನ್ನು ಘೋಷಿಸಿದಾಗ ಅದರ ಹಿಂದೆ ಈ ಶ್ರಮವೂ ಇದ್ದಿತು. ಆಸಕ್ತ ವಿದ್ಯಾರ್ಥಿಗಳು ಚೌಕಳಿ ಕಾಗದದಲ್ಲಿ ಐದು ಸಮಾಂತರ ಗೆರೆಗಳನ್ನೂ ಅವನ್ನು ಹಾಯುವ ಹಲವು ಸರಳರೇಖೆಗಳನ್ನೂ ಎಳೆದು, ಒಂದು ಗೆರೆಯ ಮೇಲಿನ ಬಿಂದುಗಳನ್ನೆಲ್ಲ ಒಂದೇ ಬದಿಗೆ ಸಮನಾಗಿ ಸರಿಸಿ, ಗೆಳೆಯನಿಗೆ ಬಿಂದುಗಳನ್ನು ಮಾತ್ರ ಕೊಡಲಿ. ಸರಿದ ಗೆರೆ ಯಾವುದೆಂದು ಅವನು ಕಂಡುಹಿಡಿಯಬಲ್ಲನೇ ನೋಡಿ.