*ಇಂದಿನ ಧಮ್ಮ ಚಿಂತನೆ: ಕಲ್ಲಿಲ್ಲದವರ ಹೆಸರು*





ಧಾರವಾಡದಲ್ಲಿ ಇಂಗ್ಲಿಷರ ಹಳೆಯ ಸ್ಮಶಾನವಿದೆ. ಅಲ್ಲಿ ಸೇಂಟ್ ಜಾನ್ ಥ್ಯಾಕರೆಯ ಗೋರಿ ಇದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಸತ್ತ ಕಲೆಕ್ಟರ್ ಇವನೇ. ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಥ್ಯಾಕರೆಗೆ ಚಿಕ್ಕಪ್ಪನಾಗಬೇಕು. ಅವನನ್ನು ಎದುರಿಸಿದ ರಾಣಿ ಚೆನ್ನಮ್ಮ 1829ರಲ್ಲಿ ಸೆರೆಯಲ್ಲೇ ತೀರಿಕೊಂಡರು. ಅವರ ಸಮಾಧಿ ಬೈಲಹೊಂಗಲದಲ್ಲಿದೆ. 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿ ನಂದಗಡದಲ್ಲಿದೆ.

ಮುನವಳ್ಳಿಯಲ್ಲಿ ಮಕ್ಕಳಿಗೆ ಈ ಪಾಠ ಹೇಳುವಾಗ ನನಗೆ ಒಂದು ಪ್ರಶ್ನೆ ಕಾಡುತ್ತದೆ. ಗೆದ್ದವರಿಗೂ ಕಲ್ಲಿದೆ, ಸೋತವರಿಗೂ ಕಲ್ಲಿದೆ. ಅದೇ ಕಾಲದಲ್ಲಿ ಇದೇ ಸೀಮೆಯ ಕೇರಿಗಳಲ್ಲಿ ಬದುಕಿದ್ದ ನಮ್ಮ ಹಿರಿಯರು ಎಲ್ಲಿ ಮಣ್ಣಾದರು? ಅವರ ಹೆಸರೇನು?

ಊರಲ್ಲಿ ಯಾರು ಸತ್ತರೂ ಸುದ್ದಿ ಮುಟ್ಟಿಸಿದವರು ನಮ್ಮವರು. ಕುಣಿ ತೋಡಿದವರು, ಹಲಗಿ ಬಾರಿಸಿದವರು ನಮ್ಮವರು. ಅವರು ಸತ್ತಾಗ ಒಂದು ಮಣ್ಣಿನ ದಿಬ್ಬ, ತಲೆಯ ಕಡೆ ಒಂದು ಕಾಡುಗಲ್ಲು, ಅಷ್ಟೇ. ನಾಲ್ಕು ಮಳೆಗಾಲ ಕಳೆದರೆ ದಿಬ್ಬವೂ ನೆಲಸಮ. ಅಕ್ಷರ ಕಲಿಯಲು ಬಿಡದವರು ನಮ್ಮಿಂದ ಕಸಿದದ್ದು ಓದನ್ನು ಮಾತ್ರವಲ್ಲ, ಅಜ್ಜ-ಅಜ್ಜಿಯರ ಹೆಸರನ್ನೂ.

"ಎಲ್ಲವೂ ಅನಿತ್ಯ ಎಂದು ಬುದ್ಧರು ಹೇಳಿಲ್ಲವೇ? ಹೆಸರಿನ ಹಂಬಲ ಯಾಕೆ?" ಎಂದು ಕೆಲವರು ಕೇಳಬಹುದು. ಸಾಂಚಿಯನ್ನು ನೋಡಿ. 1851ರಲ್ಲಿ ಅಲ್ಲಿನ ಒಂದು ಸ್ತೂಪವನ್ನು ಅಗೆದಾಗ ಎರಡು ಕಲ್ಲಿನ ಪೆಟ್ಟಿಗೆಗಳು ಸಿಕ್ಕವು. ಮುಚ್ಚಳಗಳ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಸಾರಿಪುತ್ತ, ಮೊಗ್ಗಲ್ಲಾನ ಎಂಬ ಹೆಸರುಗಳಿದ್ದವು. ಆ ಅಕ್ಷರಗಳಿದ್ದದ್ದರಿಂದಲೇ ಅವು ಬುದ್ಧರ ಇಬ್ಬರು ಅಗ್ರಶಿಷ್ಯರ ಅಸ್ಥಿಗಳೆಂದು ಜಗತ್ತಿಗೆ ತಿಳಿಯಿತು. ಅದೇ ಸಾಂಚಿಯ ಕಟಾಂಜನದ ಕಲ್ಲುಗಳ ಮೇಲೆ ದಾನ ಕೊಟ್ಟ ಭಿಕ್ಖುಣಿಯರ, ವ್ಯಾಪಾರಿಗಳ, ನೇಕಾರರ ಹೆಸರುಗಳಿವೆ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪದಲ್ಲೂ ದಾನಿಗಳ ಹೆಸರು ಕೆತ್ತಿದ್ದಾರೆ. ಅನಿತ್ಯವನ್ನು ಬಲ್ಲವರೇ ಇವನ್ನು ಬರೆಸಿದರು. ಅದು ಮೋಹವಲ್ಲ, ಕೃತಜ್ಞತೆ.

ಒಂದು ಎಚ್ಚರ ಇರಲಿ. ಇದು ಶ್ರಾದ್ಧವಲ್ಲ. ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದು 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲೇ ಇದೆ. ಸತ್ತವರಿಗೆ ಎಡೆ ಬೇಡ, ಕಾಯಿ ಬೇಡ. ನೆನಪು ಸಾಕು. ಆ ನೆನಪಿಗೆ ಹೆಸರು ಬೇಕು.

*ಇಂದಿನ ಅಭ್ಯಾಸ*

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮನೆಯ ಹಿರಿಯರ ಹತ್ತಿರ ಕುಳಿತು ಕೇಳಿ: "ಆಯಿ, ನಿಮ್ಮ ಅವ್ವನ ಹೆಸರೇನು? ತವರು ಯಾವೂರು? ಏನು ಕೆಲಸ ಮಾಡತಿದ್ರು? ಎಲ್ಲಿ ಮಣ್ಣು ಮಾಡಿದ್ರಿ?" ಹೆಣ್ಣುಮಕ್ಕಳ ಹೆಸರನ್ನು ಮೊದಲು ಬರೆಯಿರಿ. ಇಂಥವರ ಹೆಂಡತಿ, ಇಂಥವರ ಅವ್ವ ಎಂದೇ ಕರೆದು ಕರೆದು ಅವರ ಹೆಸರು ಬೇಗ ಅಳಿಯುತ್ತದೆ. ಮುಂದಿನ ಹುಣ್ಣಿಮೆಯ ವಂದನೆಗೆ ಆ ನೋಟ್‌ಬುಕ್ ತನ್ನಿ. ಪುಣ್ಯಾನುಮೋದನೆಯ ಹೊತ್ತಿಗೆ ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಓದೋಣ.

ಬಾಬಾಸಾಹೇಬರು ನಮ್ಮ ಕೈಗೆ ಪೆನ್ನು ಕೊಟ್ಟಿದ್ದಾರೆ. ಹೇಳುವ ಹಿರಿಯರು ಇರುವಾಗಲೇ ಬರೆದುಕೊಳ್ಳೋಣ.

ಭವತು ಸಬ್ಬ ಮಂಗಲಂ 🌸