ಹಿಸ್ಪಾನಿಕ್ ವಿದ್ಯಾರ್ಥಿಗಳು: ಸೇರಿದ ಮೇಲೆ ಮುಗಿಸುವ ಕಷ್ಟ

ಪ್ರಶ್ನೆ: ನನ್ನ ಮಗಳು ಅಮೆರಿಕದ ಟೆಕ್ಸಾಸ್ ರಾಜ್ಯದ ಆರ್ಲಿಂಗ್ಟನ್‌ನಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಅವಳ ವಿಶ್ವವಿದ್ಯಾಲಯವನ್ನು ಅಲ್ಲಿನ ಸರ್ಕಾರ ‘ಹಿಸ್ಪಾನಿಕ್ ವಿದ್ಯಾರ್ಥಿಗಳ ಸೇವಾ ಸಂಸ್ಥೆ’ ಎಂದು ಗುರುತಿಸಿದೆಯಂತೆ. ಅಂದರೆ ಅವರಿಗೆ ಅಲ್ಲಿ ಸೀಟು ಮೀಸಲಿದೆಯೇ? ಅಷ್ಟು ಶ್ರೀಮಂತ ದೇಶದಲ್ಲಿ ಅವರು ಕಾಲೇಜು ಸೇರಿ ಓದು ಮುಗಿಸಲು ವಿಶೇಷ ಪ್ರಯತ್ನ ಏಕೆ ಬೇಕು?
— ದಾವಣಗೆರೆಯ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಅವುಗಳಿಗೆ ಬರುವ ಮೊದಲು ಈ ಹಿಸ್ಪಾನಿಕ್ ಜನ ಯಾರು ಎಂಬುದನ್ನು ನೋಡಿಬಿಡೋಣ.

ಮೆಕ್ಸಿಕೊ, ಪೋರ್ಟೊ ರಿಕೊ, ಕ್ಯೂಬಾ, ಎಲ್ ಸಾಲ್ವಡಾರ್ ಮುಂತಾದ ಸ್ಪ್ಯಾನಿಷ್ ಭಾಷೆಯ ನಾಡುಗಳಲ್ಲಿ ಮೂಲವಿರುವ ಅಮೆರಿಕದ ನಿವಾಸಿಗಳು ಇವರು. 2020ರ ಜನಗಣತಿಯಲ್ಲಿ ಇವರ ಸಂಖ್ಯೆ 6.2 ಕೋಟಿ, ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಇವರೆಲ್ಲ ನಿನ್ನೆ ಮೊನ್ನೆ ವಲಸೆ ಬಂದವರು ಎಂದುಕೊಳ್ಳಬೇಡಿ. ಕಾಲೇಜು ವಯಸ್ಸಿಗೆ ಬರುತ್ತಿರುವ ಮಕ್ಕಳಲ್ಲಿ ಬಹುಪಾಲು ಅಮೆರಿಕದಲ್ಲೇ ಹುಟ್ಟಿದವರು. ಪೋರ್ಟೊ ರಿಕೊದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಂತೂ ಒಂದು ಕಾಲಕ್ಕೆ ಮೆಕ್ಸಿಕೊಗೆ ಸೇರಿದ್ದ ನೆಲ.

ಈಗ ಮೀಸಲಾತಿಯ ವಿಷಯ. ನಮ್ಮ ದೇಶದ ಅನುಭವದಿಂದ ನೋಡುವವರಿಗೆ ಈ ಅನುಮಾನ ಬರುವುದು ಸಹಜ, ಆದರೆ ಉತ್ತರ ‘ಇಲ್ಲ’. ಜನಾಂಗದ ಆಧಾರದ ಮೇಲೆ ಸೀಟು ಕಾದಿರಿಸುವುದನ್ನು ಅಮೆರಿಕದ ಸುಪ್ರೀಂ ಕೋರ್ಟ್ 1978ರಲ್ಲೇ ನಿಷೇಧಿಸಿತು. ಪ್ರವೇಶದ ವೇಳೆ ಜನಾಂಗವನ್ನು ಒಂದು ಅಂಶವಾಗಿ ಪರಿಗಣಿಸುವ ಪದ್ಧತಿ ಮಾತ್ರ ಉಳಿದಿತ್ತು. 2023ರ ತೀರ್ಪಿನಿಂದ ಅದೂ ಹೋಯಿತು. ನೀವು ಹೇಳುವ ಹೆಸರು 1992ರಲ್ಲಿ ಕಾನೂನಿಗೆ ಬಂದದ್ದು. ಪದವಿ ಹಂತದ ವಿದ್ಯಾರ್ಥಿಗಳಲ್ಲಿ ಕನಿಷ್ಠ ಶೇ. 25ರಷ್ಟು ಹಿಸ್ಪಾನಿಕ್ ಆಗಿದ್ದರೆ, ಜೊತೆಗೆ ಬಡ ವಿದ್ಯಾರ್ಥಿಗಳ ಪ್ರಮಾಣವೂ ಸಾಕಷ್ಟಿದ್ದರೆ, ಕಾಲೇಜು ವಿಶೇಷ ಅನುದಾನಕ್ಕೆ ಅರ್ಜಿ ಹಾಕಬಹುದು. ಯಾರು ಸೇರಿದ್ದಾರೆ ಎಂಬ ಎಣಿಕೆ ಅದು, ಯಾರು ಸೇರಬೇಕು ಎಂಬ ನಿಯಮವಲ್ಲ. ಸುಮಾರು 600 ಕಾಲೇಜುಗಳು ಈ ಎಣಿಕೆಗೆ ಒಳಪಡುತ್ತವೆ. ಅನುದಾನದ ಹಣದಿಂದ ಬಂದ ಪ್ರಯೋಗಾಲಯವನ್ನು ನಿಮ್ಮ ಮಗಳೂ ಬಳಸಬಹುದು. ಆದರೆ ಈ ಶೇ. 25ರ ಷರತ್ತೇ ತಾರತಮ್ಯ ಎಂದು 2025ರಲ್ಲಿ ಟೆನೆಸ್ಸೀ ರಾಜ್ಯ ಕೋರ್ಟಿಗೆ ಹೋಯಿತು. ಕೇಂದ್ರ ಸರ್ಕಾರವೂ ಷರತ್ತನ್ನು ಸಮರ್ಥಿಸುವುದಿಲ್ಲ ಎಂದು ಹೇಳಿ, ಅದೇ ವರ್ಷ ಅನುದಾನದ ದೊಡ್ಡ ಭಾಗವನ್ನು ನಿಲ್ಲಿಸಿತು.

ಇನ್ನು ಎರಡನೆಯ ಪ್ರಶ್ನೆ. ‘ಆ ಮನೆಗಳಲ್ಲಿ ಓದಿನ ಮೇಲೆ ಆಸೆಯಿಲ್ಲ’ ಎಂಬ ಮಾತು ಅಮೆರಿಕದಲ್ಲೂ ಕೇಳಿಬರುತ್ತದೆ. ಅಂಕಿ-ಅಂಶ ಅದನ್ನು ಒಪ್ಪುವುದಿಲ್ಲ. 2000ದಲ್ಲಿ 16ರಿಂದ 24 ವಯಸ್ಸಿನ ಹಿಸ್ಪಾನಿಕ್ ಯುವಜನರಲ್ಲಿ ಶೇ. 28ರಷ್ಟು ಮಂದಿ ಹೈಸ್ಕೂಲು ಮುಗಿಸದೆ ಬಿಟ್ಟವರಾಗಿದ್ದರು. 2016ರ ಹೊತ್ತಿಗೆ ಆ ಪ್ರಮಾಣ ಶೇ. 9ಕ್ಕೆ ಇಳಿಯಿತು. ಪದವಿ ಹಂತಕ್ಕೆ ಸೇರಿದವರ ಸಂಖ್ಯೆ ಇಪ್ಪತ್ತು ವರ್ಷಗಳಲ್ಲಿ ಸುಮಾರು 14 ಲಕ್ಷದಿಂದ 35 ಲಕ್ಷ ದಾಟಿತು. ಸೇರುವುದರಲ್ಲಿ ಈ ಸಮುದಾಯ ಮಾಡಿದ ಸಾಧನೆ ಕಡಿಮೆಯದಲ್ಲ.

ತೊಡಕಿರುವುದು ಮುಗಿಸುವುದರಲ್ಲಿ. 2010ರಲ್ಲಿ ನಾಲ್ಕು ವರ್ಷದ ಕಾಲೇಜಿಗೆ ಸೇರಿದ ಹಿಸ್ಪಾನಿಕ್ ವಿದ್ಯಾರ್ಥಿಗಳಲ್ಲಿ ಆರು ವರ್ಷದೊಳಗೆ ಪದವಿ ಪಡೆದವರು ಶೇ. 54, ಬಿಳಿಯರಲ್ಲಿ ಶೇ. 64. ಈ ಲೆಕ್ಕದಲ್ಲಿ ಎರಡು ವರ್ಷದ ಕಮ್ಯುನಿಟಿ ಕಾಲೇಜುಗಳು ಸೇರಿಲ್ಲ. ಹಿಸ್ಪಾನಿಕ್ ವಿದ್ಯಾರ್ಥಿಗಳಲ್ಲಿ ತುಂಬಾ ಜನ ಓದು ಶುರುಮಾಡುವುದು ಅಲ್ಲಿಯೇ. ಶುಲ್ಕ ಕಡಿಮೆ, ಮನೆಗೆ ಹತ್ತಿರ, ಕೆಲಸ ಮಾಡುತ್ತ ಓದಬಹುದು. ಅಲ್ಲಿ ಎರಡು ವರ್ಷ ಓದಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗೋಣ ಎಂಬ ಯೋಚನೆ ತಪ್ಪೇನಲ್ಲ. ಆದರೆ ದೇಶದಾದ್ಯಂತ ಯಾವುದೇ ಸಮುದಾಯದವರನ್ನು ತೆಗೆದುಕೊಂಡರೂ, ಕಮ್ಯುನಿಟಿ ಕಾಲೇಜಿನಲ್ಲಿ ಓದು ಶುರುಮಾಡಿದವರಲ್ಲಿ ಆರು ವರ್ಷದೊಳಗೆ ನಾಲ್ಕು ವರ್ಷದ ಪದವಿ ಪಡೆಯುವವರು ಆರರಲ್ಲಿ ಒಬ್ಬರಷ್ಟೇ.

ಉಳಿದವರು ಎಲ್ಲಿ ಕಳೆದುಹೋಗುತ್ತಾರೆ? ಕೆಲವರಿಗೆ ಮಟ್ಟ ಅಳೆಯುವ ಪರೀಕ್ಷೆಯ ಅಂಕ ನೋಡಿ ‘ಪೂರ್ವಸಿದ್ಧತಾ’ ಗಣಿತ, ಇಂಗ್ಲಿಷ್ ತರಗತಿ ಹಾಕುತ್ತಾರೆ. ಅದಕ್ಕೆ ಶುಲ್ಕ ಉಂಟು, ಪದವಿಗೆ ಲೆಕ್ಕವಿಲ್ಲ. ಒಂದೆರಡು ಸೆಮಿಸ್ಟರ್ ಅದರಲ್ಲೇ ಕಳೆದು, ಕೈಯಲ್ಲಿ ಒಂದೂ ಕ್ರೆಡಿಟ್ ಇಲ್ಲದೆ ಮನೆಗೆ ಹೋದವರು ಎಷ್ಟೋ ಮಂದಿ. ಕ್ಯಾಲಿಫೋರ್ನಿಯಾ 2017ರಲ್ಲಿ ಕಾನೂನು ಮಾಡಿ, ಹೈಸ್ಕೂಲಿನ ಅಂಕ ನೋಡಿ ನೇರವಾಗಿ ಮುಖ್ಯ ತರಗತಿಗೆ ಸೇರಿಸಿಕೊಳ್ಳುವಂತೆ ಹೇಳಿತು. ಇನ್ನು ಕೆಲವರು ಓದಿದ ಪಾಠವನ್ನು ಮುಂದಿನ ವಿಶ್ವವಿದ್ಯಾಲಯ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಣದ ಅರ್ಜಿಯ ಕಥೆ ಬೇರೆ. ಕೇಂದ್ರದ ಸಹಾಯಧನಕ್ಕೆ ಒಂದೇ ಅರ್ಜಿ ನಮೂನೆ ಇದೆ. 2023ರ ಕೊನೆಯಲ್ಲಿ ಅದನ್ನು ‘ಸರಳ’ಗೊಳಿಸಿ ತಂದಾಗ, ತಂದೆ-ತಾಯಿಗೆ ಸಾಮಾಜಿಕ ಭದ್ರತಾ ಸಂಖ್ಯೆ ಇಲ್ಲದ ಮಕ್ಕಳು, ತಾವು ಅಮೆರಿಕದ ಪ್ರಜೆಗಳಾಗಿದ್ದರೂ, ತಿಂಗಳುಗಟ್ಟಲೆ ಅರ್ಜಿ ಸಲ್ಲಿಸಲಾಗದೆ ಪರದಾಡಿದರು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಗೆ ಇದನ್ನೆಲ್ಲ ಬಿಡಿಸಿ ಹೇಳುವವರು ಮನೆಯಲ್ಲಿ ಇರುವುದಿಲ್ಲ. ಜಾಣತನದ ಕೊರತೆ ಎಂದು ಹೊರಗಿನವರಿಗೆ ತೋರುವುದು ಹೆಚ್ಚಿನ ಸಲ ದಾರಿ ಗೊತ್ತಿಲ್ಲದ ಗೊಂದಲ.

ಹಾಗಾದರೆ ಏನು ಮಾಡಿದರೆ ಫಲ ಸಿಕ್ಕಿದೆ? ಕ್ಯಾಲಿಫೋರ್ನಿಯಾದ ಹೇವರ್ಡ್ ಊರಿನ ಷಬೋ ಕಾಲೇಜಿನಲ್ಲಿ 1981ರಲ್ಲಿ ‘ಪ್ವೆಂತೆ’ ಎಂಬ ಯೋಜನೆ ಶುರುವಾಯಿತು. ಇಂಗ್ಲಿಷ್ ತರಗತಿ, ಒಬ್ಬ ಸಲಹೆಗಾರ, ಅದೇ ಸಮುದಾಯದ ಒಬ್ಬ ಮಾರ್ಗದರ್ಶಕ, ಈ ಮೂರನ್ನೂ ಒಟ್ಟಿಗೆ ಕೊಡುವ ಯೋಜನೆ ಅದು, ಇಂದಿಗೂ ನಡೆಯುತ್ತಿದೆ. ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ ಇನ್ನೊಂದು ವಿಷಯ ಗಮನಿಸಿತು: ಇನ್ನೇನು ಮುಗಿಸಲಿರುವವರ ಹೆಸರು ಕೆಲವು ನೂರು ಡಾಲರ್ ಬಾಕಿಗಾಗಿ ಪಟ್ಟಿಯಿಂದ ಬಿದ್ದುಹೋಗುತ್ತಿತ್ತು. 2011ರಿಂದ ಅದು ಅಂಥವರಿಗೆ, ಅರ್ಜಿಯನ್ನೂ ಕೇಳದೆ, ಸಣ್ಣ ಮೊತ್ತ ಕೊಡತೊಡಗಿತು. ಯಾರು ಎಡವುತ್ತಿದ್ದಾರೆ ಎಂಬುದನ್ನು ಕಂಪ್ಯೂಟರಿನಿಂದ ಮೊದಲೇ ಗುರುತಿಸಿ ಸಲಹೆಗಾರರನ್ನು ಎಚ್ಚರಿಸುವ ವ್ಯವಸ್ಥೆಯನ್ನೂ ಮಾಡಿಕೊಂಡಿತು. ಈಗ ಅಲ್ಲಿ ಹಿಸ್ಪಾನಿಕ್ ವಿದ್ಯಾರ್ಥಿಗಳು ಬಿಳಿಯರಿಗೆ ಸರಿಸಮವಾಗಿ ಓದು ಮುಗಿಸುತ್ತಿದ್ದಾರೆ.

ನನಗೆ ಎಲ್ಲಕ್ಕಿಂತ ಗಟ್ಟಿ ಎನಿಸಿದ್ದು ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯ 2007ರಲ್ಲಿ ಆರಂಭಿಸಿದ ‘ಎಸಾಪ್’. ವಿದ್ಯಾರ್ಥಿ ಪೂರ್ಣಾವಧಿ ಓದಬೇಕು, ಸಲಹೆಗಾರರನ್ನು ತಪ್ಪದೆ ಕಾಣಬೇಕು. ಪ್ರತಿಯಾಗಿ ಸಹಾಯಧನಕ್ಕೂ ಶುಲ್ಕಕ್ಕೂ ನಡುವಿನ ಅಂತರ ಮನ್ನಾ, ಪುಸ್ತಕಕ್ಕೆ ನೆರವು, ಬಸ್ಸು-ಮೆಟ್ರೊ ಪಾಸ್ ಉಚಿತ. ಬಸ್ ಪಾಸ್ ಇಲ್ಲದಿದ್ದರೆ ಎಷ್ಟು ಹಳ್ಳಿಗಳ ಮಕ್ಕಳ ಕಾಲೇಜು ನಿಂತುಹೋಗುತ್ತಿತ್ತು ಎಂಬುದು ನಮ್ಮ ಕರ್ನಾಟಕದವರಿಗೆ ಗೊತ್ತಿರುವ ವಿಷಯವೇ. ಒಬ್ಬ ಸಲಹೆಗಾರರಿಗೆ ಸಿಗುವ ವಿದ್ಯಾರ್ಥಿಗಳ ಸಂಖ್ಯೆಯೂ ಕಡಿಮೆ. ಹಾಗಾಗಿ ಅವರಿಗೆ ಹೆಸರು, ಮುಖ ಎರಡೂ ನೆನಪಿರುತ್ತವೆ.

ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ ಇದನ್ನು ಚೀಟಿ ಎತ್ತುವ ಕ್ರಮದಲ್ಲಿ ಪರೀಕ್ಷಿಸಿತು. ಅರ್ಹರಲ್ಲಿ ಕೆಲವರಿಗೆ ಎಸಾಪ್, ಉಳಿದವರಿಗೆ ಎಂದಿನ ಸೌಲಭ್ಯ. ಆ ವಿದ್ಯಾರ್ಥಿಗಳಲ್ಲಿ ಹಿಸ್ಪಾನಿಕ್ ಸಮುದಾಯದವರದೇ ದೊಡ್ಡ ಪಾಲು. ಎರಡು ವರ್ಷದ ಪದವಿಯನ್ನು ಮೂರು ವರ್ಷದೊಳಗೆ ಮುಗಿಸಿದವರು ಎಸಾಪ್‌ನಲ್ಲಿ ಶೇ. 40, ಇನ್ನೊಂದು ಗುಂಪಿನಲ್ಲಿ ಶೇ. 22. ಒಹಾಯೊ ರಾಜ್ಯದ ಮೂರು ಕಾಲೇಜುಗಳಲ್ಲಿ ಇದೇ ಮಾದರಿ ಅನುಸರಿಸಿದಾಗಲೂ ಮುಗಿಸಿದವರ ಪ್ರಮಾಣ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಇದು ದುಬಾರಿ ಎಂದು ಆಕ್ಷೇಪಿಸುವವರಿದ್ದಾರೆ. ಒಬ್ಬೊಬ್ಬ ವಿದ್ಯಾರ್ಥಿಗೆ ಖರ್ಚು ಹೆಚ್ಚಾದದ್ದು ನಿಜ. ಆದರೆ ಮುಗಿಸಿದವರ ಸಂಖ್ಯೆಯೂ ಅಷ್ಟು ಹೆಚ್ಚಿದ್ದರಿಂದ, ನ್ಯೂಯಾರ್ಕಿನ ಅಧ್ಯಯನದ ಪ್ರಕಾರ ಒಂದು ಪದವಿಗೆ ತಗಲಿದ ವೆಚ್ಚ ಇನ್ನೊಂದು ಗುಂಪಿಗಿಂತ ಕಡಿಮೆಯಾಯಿತು.