'ಟುಸ್' ಅಂದ ಕೋವಿಗೆ ಎರಡನೇ ತೋಟೆ ಹಾಕಬೇಡಿ

ಹೋದ ಮಳೆಗಾಲದ ಕೊನೆಗೆ ಒಂದು ಸಂಜೆ ತೋಟಕ್ಕೆ ಮಂಗಗಳ ಹಿಂಡು ಬಂದಿತ್ತು. ಬೆದರಿಸಲೆಂದು ಒಂಟಿ ನಳಿಗೆಯ 12 ಬೋರ್ ಕೋವಿಯಿಂದ ಜನವಿಲ್ಲದ ಗುಡ್ಡದ ಬದಿಗೆ ಒಂದು ಈಡು ಹಾರಿಸಿದೆ. 'ಢಂ' ಅನ್ನಬೇಕಾದದ್ದು 'ಟುಸ್' ಅಂದಿತು. ಭುಜಕ್ಕೆ ಒದೆತವೇ ಇಲ್ಲ. "ತೋಟೆ ಹಳತು ಅಪ್ಪಾ, ಇನ್ನೊಂದು ಹಾಕಿ" ಎಂದ ಮಗ. ಹಾಕಿಯೂ ಆಗಿತ್ತು. ಏನೋ ಸಂಶಯ ಬಂದು ತೋಟೆ ತೆಗೆದು ಹಿಂಬದಿಯಿಂದ ಇಣುಕಿದರೆ ನಳಿಗೆಯ ಆಚೆಯ ಬೆಳಕೇ ಕಾಣಲಿಲ್ಲ! ಕುದುರೆ ಎಳೆದಿದ್ದರೆ ನನ್ನ ಎಡಗೈ ಇವತ್ತು ಇರುತ್ತಿತ್ತೋ ಇಲ್ಲವೋ.

ಆಗಿದ್ದೇನು?

ತೋಟೆಯೊಳಗೆ ಮದ್ದಿಗೂ ಚರೆಗೂ ನಡುವೆ ಒಂದು ಬಿಲ್ಲೆ ಇರುತ್ತದೆ. ಥಂಡಿ ಹಿಡಿದ ಮದ್ದು ಅರೆಬರೆ ಉರಿದರೆ ಬಿಲ್ಲೆಯೋ ಗುಂಡೋ ನಳಿಗೆಯ ನಡುವೆಯೇ ನಿಂತುಬಿಡುತ್ತದೆ. ಮೇಲಿಂದ ಇನ್ನೊಂದು ಈಡು ಹೊಡೆದರೆ ಅದು ಇದಕ್ಕೆ ಡಿಕ್ಕಿಯಾಗಿ ಅಲ್ಲಿ ಒತ್ತಡ ವಿಪರೀತ ಏರುತ್ತದೆ. ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ನಳಿಗೆಗೆ ಆಸರೆ ಕೊಡುವ ಎಡಗೈಯೂ ಮುಖವೂ ಹತ್ತಿರದಲ್ಲೇ ಇರುತ್ತವೆ ನೋಡಿ.

ತೆಗೆಯುವ ಕ್ರಮ

1. ಸದ್ದು ಸಣ್ಣದಾಯಿತೋ, ಅಲ್ಲಿಗೇ ನಿಲ್ಲಿಸಿ. ಮದ್ದು ತಡವಾಗಿ ಹತ್ತಿಕೊಳ್ಳುವುದೂ ಉಂಟು. ಕೋವಿಯ ಬಾಯಿಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ನಿಧಾನಕ್ಕೆ 60 ಎಣಿಸಿ.

2. ಆಮೇಲೆ ಕೋವಿ ಮಡಚಿ ತೋಟೆ ತೆಗೆಯಿರಿ. ಉಳಿದ ತೋಟೆಗಳನ್ನು ದೂರ ಇಡಿ. ನಳಿಗೆಯನ್ನು ಹಿಡಿಯಿಂದ ಬಿಚ್ಚಿಕೊಳ್ಳಿ.

3. ತೋಟೆ ತುಂಬುವ ಬದಿಯಿಂದ ಬೆಳಕಿಗೆ ಹಿಡಿದು ನೋಡಿ. ಸಿಕ್ಕಿದ್ದು ಹಾರದ ತೋಟೆಯಾದರೆ ಕೈ ಹಾಕಲೇಬೇಡಿ. 20 ಬೋರಿನ ತೋಟೆ ತಪ್ಪಿ 12ರ ಕೋವಿಗೆ ಹಾಕಿದರೆ ಅದು ಮುಂದಕ್ಕೆ ಜಾರಿ ಕೂರುತ್ತದೆ. ಅದರ ಹಿಂದೆ 12ರ ತೋಟೆಯೂ ಹಿಡಿಯುತ್ತದೆ! ಇದು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೆಲಸ.

4. ಬರೀ ಬಿಲ್ಲೆ ಅಥವಾ ಗುಂಡು ಎಂದು ಖಾತ್ರಿಯಾದರೆ ಸ್ವಲ್ಪ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ.

5. 12 ಬೋರಿನ ಒಳ ಅಗಲ ಸುಮಾರು 18.5 ಮಿ.ಮೀ. ಬಾಯಿ ಹಲವು ಕೋವಿಗಳಲ್ಲಿ ಇನ್ನೂ ಕಿರಿದು. 16 ಮಿ.ಮೀ. ದಪ್ಪದ, ನೇರವಾದ ಗಟ್ಟಿ ಮರದ ಕೋಲನ್ನು ಬಾಯಿಯಿಂದ ತೂರಿಸಿ, ಅಗಲವಿರುವ ತೋಟೆಯ ಬದಿಗೆ ತಳ್ಳಿ. ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ಸಾಕು. ಕಬ್ಬಿಣದ ಸರಳು ಒಳಮೈ ಗೀರುತ್ತದೆ. ಬೆಂಕಿಗೆ ಕಾಯಿಸುವುದಂತೂ ಬೇಡವೇ ಬೇಡ.

6. ಒರೆಸಿ, ಒಳಗೆ ಉಂಗುರದಂಥ ನೆರಳು ಕಾಣುತ್ತದೆಯೇ ನೋಡಿ. ಹೊರಗೂ ಬೆರಳಾಡಿಸಿ. ಉಬ್ಬು ಸಿಕ್ಕಿದರೆ ಆ ನಳಿಗೆ ಉಪಯೋಗಕ್ಕಿಲ್ಲ.

ನನ್ನದರಲ್ಲಿ ಬಿಲ್ಲೆ ಹತ್ತು ಪೆಟ್ಟಿಗೆ ಹೊರಬಂತು.

ಕೇಪಿನ ಕೋವಿಯಾದರೆ

ಇದರಲ್ಲಿ ಗುಂಡಿನ ಹಿಂದೆ ಮದ್ದು ಇದ್ದೇ ಇರುತ್ತದೆ. ಕೇಪು ಹೊಡೆದೂ ಹಾರದಿದ್ದರೆ ಕನಿಷ್ಠ 2 ನಿಮಿಷ ಕಾದು, ಕೇಪು ತೆಗೆದು, ಮದ್ದು ಪೂರ್ತಿ ನೆನೆಯುವಂತೆ ನೀರು ಬಿಡಿ. ನೀರಿಗೆ ಕರಿಮದ್ದಿನ ಪೆಟ್ಲುಪ್ಪು ಕರಗುತ್ತದೆ. ಎಣ್ಣೆಯನ್ನು ನಂಬಬೇಡಿ. ಒಣಗಿದರೆ ಮದ್ದು ಮತ್ತೆ ಹತ್ತಿಕೊಳ್ಳಬಹುದು. ಆದ್ದರಿಂದ ಒದ್ದೆ ಇರುವಾಗಲೇ ತಿರುಪಿನ ಮೊನೆಯ ಸರಳಿನಿಂದ ಗುಂಡನ್ನು ಎಳೆಯಬೇಕು. ಬಾಯಿಯ ನೇರಕ್ಕೆ ತಲೆ, ಎದೆ ಬರಬಾರದು. ಅಭ್ಯಾಸ ಇಲ್ಲದವರು ನೀರು ಬಿಟ್ಟು ರಿಪೇರಿಯವರಿಗೇ ಒಯ್ಯುವುದು ಲೇಸು.

ಬಾರದಂತೆ ತಡೆಯಲು

ಚುನಾವಣೆ ಬಂದಾಗ ಕೋವಿ ಠೇವಣಿ ಇಡುತ್ತೇವಲ್ಲ, ತಿಂಗಳುಗಟ್ಟಲೆ ಸುಮ್ಮನಿದ್ದ ನಳಿಗೆಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟುತ್ತದೆ. ಅದೂ ಸಿಕ್ಕಿಕೊಂಡ ಗುಂಡಿನಷ್ಟೇ ಅಪಾಯ. ವಾಪಸು ತಂದ ದಿನವೇ ಒಳಗೆ ನೋಡಿ, ಒರೆಸಿ, ಎಣ್ಣೆ ಹಚ್ಚಿ. ತೋಟೆಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಒಣಜಾಗದಲ್ಲಿಡಿ. ಒಲೆಯ ಮೇಲಿನ ಅಟ್ಟ ಬೇಡ. ಊದಿಕೊಂಡದ್ದು, ಹಸಿರು ಕಿಲುಬು ಹಿಡಿದದ್ದು ಕೋವಿಗೆ ಹೋಗಬಾರದು.

ಮಂಗ ಒಂದು ಸಂಜೆ ತಿನ್ನುವ ಎಳನೀರು ಎಷ್ಟು ಮಾರಾಯ್ರೆ? ಅದಕ್ಕಾಗಿ ಅವಸರದಲ್ಲಿ ಕೈ ಕಳೆದುಕೊಳ್ಳಬೇಡಿ.